ಮೈದುನ ಕಲಿತು ಬಂದ ಪಾಠ

ಅದು ಎಪ್ಪತ್ನಾಲ್ಕನೇ ಇಸವಿ. ರಾವೂರಿನ ಆಚೆಯ ಆ ಹಳ್ಳಿಯಲ್ಲಿ ರೈತರ ಚರ್ಚಾ ಮಂಡಳ ಶುರುವಾದಾಗ ಗ್ರಾಮಸೇವಕ ಧರ್ಮಣ್ಣ ಪಹಣಿ ನೋಡಿ ಇಪ್ಪತ್ತು ಹೆಸರು ಬರೆದುಕೊಂಡ. ಗುಂಡಮ್ಮನ ಹೆಸರು ಬರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾಲ್ಕೆಕರೆ ಹೊಲದಲ್ಲಿ ಬಿತ್ತುವವಳು, ಕಳೆ ತೆಗೆಯುವವಳು, ರಾಶಿ ಮಾಡುವವಳು ಅವಳೇ. ಪಹಣಿಯಲ್ಲಿ ಮಾತ್ರ ಮೈದುನ ದೇವೀಂದ್ರಪ್ಪನ ಹೆಸರಿತ್ತು. ಅವನು ವಾಡಿಯ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಹೊಲದಲ್ಲಿ ಕಾಲಿಟ್ಟು ವರ್ಷಗಳಾಗಿದ್ದವು.

ಎರಡು ವರ್ಷದಿಂದ ತೊಗರಿ ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗುತ್ತಿತ್ತು. ಮಂಡಳದವರಿಗಾಗಿ ಚಿತ್ತಾಪುರದಲ್ಲಿ ನಡೆಯುವ ಶಿಬಿರದಲ್ಲಿ ಅದಕ್ಕೆ ಔಷಧ ಹೇಳಿಕೊಡುತ್ತಾರೆಂದು ಕೇಳಿ ಗುಂಡಮ್ಮ ಧರ್ಮಣ್ಣನ ಬಳಿ ಹೋದಳು.

"ನಾ ಬರ್ತೀನ್ರಿ. ಹೊಲ ಮಾಡಾಕಿ ನಾನೇ."

"ಪಟ್ಟಿದಾಗ ಇದ್ದೋರಿಗಷ್ಟೇ ಅದವ್ವಾ. ದೇವೀಂದ್ರಪ್ಪ ಕಲ್ತು ಬಂದು ನಿಮಗ ಹೇಳ್ತಾನ. ಮಂಡಳ ಅಂದ್ರ ಅದೇ."

ದೇವೀಂದ್ರಪ್ಪ ಮೂರು ದಿನ ಇದ್ದು ಬಂದ. ಅಲ್ಲಿನ ಊಟ ಭಾಳ ಚಲೋ ಇತ್ತೆಂದ. ಒಂದು ಪುಡಿಯ ಪೊಟ್ಟಣ ಕೈಗಿಟ್ಟ.

"ಇದು ಹ್ಯಾಂಗ ಹಾಕ್ಬೇಕು?"

"ನೀರಾಗ ಕಲಸಿ ರಾತ್ರಿಪೂರ ಬೀಜ ನೆನಿ ಹಾಕು. ಮುಂಜಾನಿ ಬಿತ್ತು."

"ಖರೇನ?"

"ಕಲ್ತು ಬಂದಾಂವ ನಾನೋ ನೀನೋ?"

ಬೆಳಗಾಗುವಷ್ಟರಲ್ಲಿ ಬೀಜ ಉಬ್ಬಿ ಸಿಪ್ಪೆ ಬಿರಿದಿತ್ತು. ಅವಳ ಮನಸ್ಸು ಒಪ್ಪಲಿಲ್ಲ. ಆದರೂ ಶಿಬಿರದಲ್ಲಿ ಓದಿದವರು ಹೇಳಿದ ಮಾತು ಎಂದು ಬಿತ್ತಿದಳು. ಮೇಲೆ ನಾಲ್ಕು ದಿನ ಬಿಡದೆ ಮಳೆ. ಎಂಟನೆಯ ದಿನ ಸಾಲು ಕೆದಕಿದರೆ ಬೆರಳಿಗೆ ಲೋಳೆ ಹತ್ತಿತು, ಮೂಗಿಗೆ ನಾತ ಬಡಿಯಿತು. ಪಕ್ಕದ ಹೊಲದಲ್ಲಿ, ಶಿಬಿರದ ಕಡೆ ಸುಳಿಯದ ಪೀರಪ್ಪನ ತೊಗರಿ ಎರಡೆಲೆ ಬಿಟ್ಟಿತ್ತು.

ಮಂಡಳದ ಮುಂದಿನ ಸಭೆಯಲ್ಲಿ ಗಂಡಸರು ಹನುಮಂತದೇವರ ಕಟ್ಟೆಯ ಮೇಲೆ ಕೂತಿದ್ದರು. ಗುಂಡಮ್ಮ ಕೆಳಗೆ ನಿಂತೇ ನಡೆದದ್ದನ್ನು ಹೇಳಿದಳು.

ಧರ್ಮಣ್ಣ ಹಣೆ ಚಚ್ಚಿಕೊಂಡ. "ನೆನಿ ಹಾಕಿದ್ಯಾ? ಒಣ ಬೀಜಕ್ಕ ಪುಡಿ ಹಚ್ಚಿ ಬಿತ್ತಬೇಕಾಗಿತ್ತಲ್ಲ!"

"ನಾ ಹಂಗೇ ಹೇಳೀನ್ರಿ," ಎಂದ ದೇವೀಂದ್ರಪ್ಪ. "ಹೆಣ್ಮಕ್ಕಳು ಅರ್ಧಾ ಕೇಳ್ತಾರ, ಅರ್ಧಾ ಬಿಡ್ತಾರ."

ಕಟ್ಟೆ ಮೇಲಿದ್ದವರು ನಕ್ಕರು.

"ನನ್ನ ಮಾರಿ ನೋಡಿ ಹೇಳು," ಎಂದಳು ಗುಂಡಮ್ಮ.

ಅವನು ಮುಖ ನೋಡಿಯೇ ಮತ್ತೊಮ್ಮೆ ಹೇಳಿದ.

ಧರ್ಮಣ್ಣ ವರದಿ ಬರೆದು ಎಲ್ಲರಿಗೂ ಓದಿದ: ಮಹಿಳೆಯರಲ್ಲಿ ತಿಳಿವಳಿಕೆ ಸಾಲದು, ಅವರಿಗೆ ಇನ್ನೊಮ್ಮೆ ಹೇಳಿಕೊಡುವ ಜವಾಬ್ದಾರಿಯನ್ನು ಸದಸ್ಯ ದೇವೀಂದ್ರಪ್ಪನಿಗೆ ವಹಿಸಲಾಗಿದೆ.

ಗುಂಡಮ್ಮ ಸಭೆ ಮುಗಿಯುವವರೆಗೆ ನಿಲ್ಲಲಿಲ್ಲ. ಪೀರಪ್ಪನ ಹೆಂಡತಿ ಯಂಕಮ್ಮನ ಹತ್ತಿರ ಒಂದು ಬುಟ್ಟಿ ಬೀಜ ಕಡ ತಂದಳು. ಮರುದಿನ ಕೊಳೆತ ಸಾಲುಗಳನ್ನು ಹರಗಿಸಿ, ಹದ ಮೀರಿದ ನೆಲದಲ್ಲಿ ಮತ್ತೆ ಬಿತ್ತಿದಳು. ಹೊಲದ ಪಕ್ಕದ ದಾರಿಯಲ್ಲಿ ದೇವೀಂದ್ರಪ್ಪ ಕೈಚೀಲ ಹಿಡಿದು ಹೊರಟಿದ್ದ. ಎರಡನೆಯ ಶಿಬಿರಕ್ಕೂ ಅವನದೇ ಹೆಸರು ಬಂದಿತ್ತು.