ಎಣಿಸದ ಹಲ್ಲು

ರಾಣೆಬೆನ್ನೂರಿನ ಗುಜರಿ ಅಂಗಡಿಯ ಗುಲಾಬಬಿ ಬಾಯಿ ಬಿಟ್ಟು ಹೇಳಿದ್ದಳು. "ಅಣ್ಣಾ, ಮ್ಯಾಲಿನ ಆಕಾರ ನೋಡಿ ಆಕ್ಸಲ್ ಒಯ್ಯಬ್ಯಾಡ್ರಿ. ಈ ಗಾಡಿಗೋಳಿಗೆ ಒಳಗ ನಲವತ್ಮೂರ ಹಲ್ಲಿನ ಕ್ರೌನ್ ಗೇರೂ ಬಂದೈತಿ, ಮೂವತ್ತೊಂಬತ್ತರದೂ ಬಂದೈತಿ. ಮುಚ್ಚಳ ಬಿಚ್ಚಿ ಎಣಿಸ್ರಿ. ಮುಂದಿಂದು ಎಷ್ಟೋ ಹಿಂದಿಂದೂ ಅಷ್ಟ ಇರಬೇಕು."

ತಿರಕಪ್ಪ ಕೇಳಬೇಕಲ್ಲ! ಹಿಂದಿನ ಆಕ್ಸಲ್ ಮುರಿದು ನಿಂತಿದ್ದ ತನ್ನ ಹಳೇ ಫೋರ್ ವ್ಹೀಲ್ ಪಿಕಪ್ಪಿನ ನರನಾಡಿ ತನಗೇ ಗೊತ್ತು ಎಂಬ ಸೊಕ್ಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಬೇರೆ, ಮೈಯೆಲ್ಲ ಅವಸರ. "ಎರಡೂ ಒಂದ ಅದಾವ ತಗೋ ಬೇ" ಎಂದು ಹೇರಿಕೊಂಡು ಬಂದು ಹಿಂದಕ್ಕೆ ಕೂಡಿಸಿಯೇ ಬಿಟ್ಟ. ಬೇಸಿಗೆ ಪೂರ್ತಿ ಹಿಂದಿನ ಎರಡೇ ಗಾಲಿಯ ಜೋರಿನ ಮೇಲೆ ಓಡಿಸಿದ್ದರಿಂದ ಏನೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಮಳೆಗಾಲದಲ್ಲಿ, ಐರಣಿಯ ಹೊಳೆಯೊಳಗೆ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಾರೆಂದು ಸುದ್ದಿ ಬಂದು, ಬೀರಲಿಂಗಪ್ಪಗೌಡರು ಹೊಳೆಯಲ್ಲಿಟ್ಟಿದ್ದ ಪಂಪ್‌ಸೆಟ್ ಬಾಡಿಗೆಗೆ ಎತ್ತಿ ತರಲು ಹೆಂಡತಿ ಮಂಗಳವ್ವನನ್ನು ಕರೆದುಕೊಂಡು ಇಳಿದಿದ್ದ. ಕಲ್ಲುಹಾದಿಯ ಇಳಿಜಾರಿನಲ್ಲಿ ನಾಲ್ಕೂ ಗಾಲಿ ಎಳೆಯಲೆಂದು ಫೋರ್ ವ್ಹೀಲ್ ಹಾಕಿದ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಲ್ಲಿನ ಲೆಕ್ಕ ತಾಳೆಯಾಗದೆ ನಡುವಿನ ಗೇರುಗಳು ಹಿಂಡಿಕೊಂಡವು. ಪಂಪು ಹೇರಿ ಹೊರಡಬೇಕೆಂದರೆ ಗಾಡಿ ನರಳಿತೇ ಹೊರತು ಕದಲಲಿಲ್ಲ. ಫೋರ್ ವ್ಹೀಲ್ ಬಿಡಿಸಲು ಲಿವರ್ ಜಗ್ಗಿದ, ಒದ್ದ, ಬೈದ. ಅದು ಹೊರಗೆ ಬರಲೇ ಇಲ್ಲ.

"ರೀ, ನೀರು ಬಂತು! ಗಾಡಿ ಹಾಳಾಗಿ ಹೋಗ್ಲಿ, ಬರ್ರಿ!"

"ಗಾಡಿ ಹೋದ್ರ ಉಣ್ಣೂದೇನು, ಮಣ್ಣಾ?" ಹೊಲವಿಲ್ಲ, ಸ್ವಂತ ಮನೆಯಿಲ್ಲ, ಇದ್ದದ್ದು ಇದೊಂದೇ.

ಎಂಜಿನ್ನಿನ ಜೋರನ್ನು ಹಿಂದಿನ ಗಾಲಿಗೆ ಒಯ್ಯುವ ಶಾಫ್ಟ್ ಕಳಚಿದರೆ ಗೇರುಗಳ ಜಗಳ ಮುಗಿಯುತ್ತದೆ, ಮುಂದಿನ ಗಾಲಿಗಳೇ ಎಳೆಯುತ್ತವೆ ಎಂದು ಹೊಳೆಯಿತು. ಪಾನಾ ಹಿಡಿದು ಗಾಡಿಯ ಕೆಳಗೆ ತೂರಿದ. ಬೆನ್ನಡಿಯ ಮರಳು ನೀರಾಯಿತು, ಕಿವಿಯೊಳಗೆ ನೀರು ಹೊಕ್ಕಿತು. ಕೊನೆಯ ಬೋಲ್ಟ್ ಬಿಚ್ಚುತ್ತಲೇ ಶಾಫ್ಟ್ ಧಡ್ಡನೆ ಮರಳಿಗೆ ಬಿತ್ತು.

"ನೂಕ ಮಂಗಳಾ, ಜೀವಾ ಬಿಟ್ಟು ನೂಕ!" ಹೊರಬಂದು ಸ್ಟೇರಿಂಗಿಗೆ ಕೂತು ಕೂಗಿದ.

ಮುಂದಿನ ಗಾಲಿಗಳು ಮರಳು ಕೆದರಿ, ಕಲ್ಲು ಕಚ್ಚಿ, ಅಂತೂ ಹತ್ತಿದವು. ದಡದ ಅರ್ಧಕ್ಕೆ ಬಂದಾಗ ತಿರಕಪ್ಪ ಕನ್ನಡಿ ನೋಡಿದ. ಹಿಂದೆ ಮಂಗಳವ್ವ ಇಲ್ಲ. ಕೆಳಗೆ ನೀರಲ್ಲಿ ಬಿದ್ದು, ಸೀರೆ ಸುತ್ತಿಕೊಂಡು ಏಳಲಾಗದೆ ಒದ್ದಾಡುತ್ತಿದ್ದಳು.

ಅಯ್ಯೋ ಶಿವನೇ ಎಂದವನು ಗೇರು ತೆಗೆದ, ಹ್ಯಾಂಡ್‌ಬ್ರೇಕ್ ಎಳೆದ, ಎಂಜಿನ್ ಆರಿಸದೆ ಜಿಗಿದ. ಆರಿಸಿದರೆ ಮತ್ತೆ ಚಾಲೂ ಆಗುವ ಭರವಸೆ ಇರಲಿಲ್ಲ. ಓಡಿಹೋಗಿ ಹೆಂಡತಿಯನ್ನು ರೆಟ್ಟೆ ಹಿಡಿದು ಎಳೆದು ದಡಕ್ಕೆ ತಂದ. ಆಗ ಮೇಲೆ ಕಲ್ಲು ಕರಕರ ಎಂದಿತು.

ಆ ಗಾಡಿಯ ಹ್ಯಾಂಡ್‌ಬ್ರೇಕ್ ಹಿಡಿಯುವುದು ಗಾಲಿಯನ್ನಲ್ಲ, ಶಾಫ್ಟನ್ನು. ಹಿಂದಿನ ಶಾಫ್ಟೇ ಇಲ್ಲದ ಮೇಲೆ ಹಿಂದಿನ ಗಾಲಿಗಳಿಗೆ ತಡೆ ಎಲ್ಲಿಯದು? ಪಂಪಿನ ಭಾರವೆಲ್ಲ ಹಿಂದಕ್ಕೆ ಜಗ್ಗಿತು. ಬ್ರೇಕ್ ಹಿಡಿದದ್ದು ಮುಂದಿನ ಗಾಲಿಗಳನ್ನಷ್ಟೇ, ಹಗುರಾದ ಅವು ತೊಯ್ದ ಕಲ್ಲಿನ ಮೇಲೆ ಜಾರಿದವು. ಪಿಕಪ್ಪು ಅವರ ಪಕ್ಕದಲ್ಲೇ ಹಿಂದಕ್ಕೆ ಹಾದು ನೀರಿಗೆ ಇಳಿಯಿತು. ಗುಡುಗುಡು ಎನ್ನುತ್ತಿದ್ದ ಎಂಜಿನ್ ನಿಂತುಹೋಯಿತು.

ಮಂಗಳವ್ವ ಕೆಮ್ಮಿ ಕೆಮ್ಮಿ ನೀರು ಉಗುಳಿದಳು. ನೀರಿಗೆ ಇಳಿದ ಗಾಡಿಯತ್ತ ನೋಡುತ್ತ ಕೇಳಿದಳು, "ನೀವು ಇಳೀದಂಗ ಕಾಲಬ್ರೇಕ್ ಒತ್ಕೊಂಡು ಕುಂತಿದ್ರ ಉಳೀತಿತ್ತೇನ್ರಿ?"

"ಉಳೀತಿತ್ತು" ಎಂದ ತಿರಕಪ್ಪ. ಅವಳ ರೆಟ್ಟೆ ಇನ್ನೂ ಬಿಟ್ಟಿರಲಿಲ್ಲ.