ಬಾಯಿಗೆ ಬಾರದ ಹೆಸರು

ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ರುಕ್ಮಿಣಿಬಾಯಿಗೆ ಓದು ಬರುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಕ್ರೈಸ್ತ ಧರ್ಮವೆಲ್ಲ ಅತ್ತೆ ಮಲ್ಕಮ್ಮನ ಬಾಯಿಂದ ಬಂದದ್ದು. ಅಫಜಲಪುರದ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಮಲ್ಕಮ್ಮ ರೊಟ್ಟಿ ಬಡಿಯುತ್ತಲೇ ಅವಳಿಗೆ ಶಿಲುಬೆಯ ಗುರುತು ಹಾಕುವುದನ್ನು, ಮರಿಯಮ್ಮನ ಜಪವನ್ನು ಕಲಿಸಿದ್ದಳು. ಕೊನೆಗೆ ಕಲಿಸಿದ್ದು ಮನೆಯಲ್ಲಿ ಸತ್ತವರ ಹೆಸರುಗಳನ್ನು. ಸಂಜೆ ದೀಪ ಹಚ್ಚಿದ ಮೇಲೆ ಮಾವನ ಹೆಸರು, ಮಾವನ ತಾಯಿಯ ಹೆಸರು, ವರ್ಷ ತುಂಬುವ ಮುಂಚೆಯೇ ಹೋದ ನಾದಿನಿಯ ಹೆಸರು ಹೇಳಿ, ಅವರಿಗೆ ನಿತ್ಯ ವಿಶ್ರಾಂತಿ ಕೊಡು ಎಂದು ದೇವರನ್ನು ಬೇಡಬೇಕು. ಮಲ್ಕಮ್ಮನ ಹಲ್ಲು ಬಿದ್ದು ಮಾತು ತೊದಲತೊಡಗಿದ ಮೇಲೆ ಆ ಕೆಲಸ ಸೊಸೆಯ ಪಾಲಿಗೆ ಬಂತು.

ಎಂಬತ್ತಾರನೆಯ ಇಸವಿ, ತೊಗರಿ ರಾಶಿಯ ಕಾಲ. ಅವಳ ಗಂಡ ದಶರಥ ತೊಗರಿ ಚೀಲಗಳ ಮೇಲೆ ಕೂತು ಹೊರಟಿದ್ದ ಲಾರಿ ಖಜೂರಿಯ ಹತ್ತಿರ ಪಲ್ಟಿಯಾಯಿತು. ಚೀಲಗಳಡಿಯಿಂದ ಅವನನ್ನು ಎಳೆದು ತೆಗೆದಾಗ ಮೈಮೇಲೆ ಒಂದು ಗಾಯವೂ ಇರಲಿಲ್ಲವಂತೆ.

ರುಕ್ಮಿಣಿಬಾಯಿ ಅಳಲಿಲ್ಲ. ಹೆಂಗಸರು ಅವಳ ಭುಜ ಹಿಡಿದು ಅಲುಗಿಸಿದರು, ಅಳವ್ವಾ ಅಳು ಅಂದರು. ಅವಳು ಅವರಿಗೇ ನೀರು ತಂದುಕೊಟ್ಟಳು. ಮಣ್ಣು ಮುಗಿದ ಸಂಜೆ ದೀಪ ಹಚ್ಚಿ, ಮರಿಯಮ್ಮನ ಜಪ ಹೇಳಿದಳು. ಹೆಸರುಗಳ ಹತ್ತಿರ ಬಂದಾಗ ಸುಮ್ಮನೆ ಎದ್ದು ಒಲೆಯ ಬೂದಿ ತೆಗೆಯಲು ಹೋದಳು. ಮರುದಿನವೂ ಹಾಗೇ ಆಯಿತು. ಆಮೇಲೆ ಅದೇ ರೂಢಿಯಾಯಿತು.

ಇದನ್ನು ಗಮನಿಸಿದವನು ಮೈದುನ ಭಗವಂತ. ಜೇವರ್ಗಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅವನು ಕೆಲವು ವರ್ಷಗಳ ಹಿಂದೆ ಕಥೋಲಿಕ ಗುಡಿ ಬಿಟ್ಟು, ಬೈಬಲ್ಲಿನಲ್ಲಿ ಬರೆದಿದ್ದನ್ನು ಮಾತ್ರ ನಂಬುವ ಒಂದು ಸಭೆ ಸೇರಿದ್ದ. ಅಣ್ಣ ಸತ್ತ ಮೇಲೆ ರಾಶಿ ಮುಗಿಸಿಕೊಡಲು ಊರಲ್ಲೇ ಉಳಿದಿದ್ದ.

"ಚಲೋ ಮಾಡಿದ್ರಿ ವೈನಿ," ಅಂದ. "ಸತ್ತವರ ಸಲುವಾಗಿ ಬೇಡ್ರಿ ಅಂತ ಸತ್ಯವೇದದಾಗ ಎಲ್ಲೂ ಬರದಿಲ್ಲ. ಅಣ್ಣ ಯೇಸುನ ಹಂತ್ಯಾಕ ಹೋಗ್ಯಾನ. ಅಲ್ಲಿಗಿ ಮುಗೀತು."

"ಹೂಂ," ಅಂದಳು ರುಕ್ಮಿಣಿಬಾಯಿ. ಯಾರು ಏನಂದರೂ ಆಗ ಅವಳು ಹೂಂ ಅನ್ನುತ್ತಿದ್ದಳು.

ದಶರಥನ ಆತ್ಮಕ್ಕಾಗಿ ತಿಂಗಳಿಗೆ ಮಾಡಿಸುವ ಪೂಜೆಯ ಮಾತಾಡಲು ಆಳಂದದ ಗುಡಿಯ ಫಾದರ್ ಮೋಟಾರ್ ಸೈಕಲ್ ಮೇಲೆ ಬಂದರು. ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡ ಆಡುವವರು. ಅವರು ಕೂಡುವ ಮುಂಚೆಯೇ ಭಗವಂತ ಹೇಳಿಬಿಟ್ಟ:

"ಪೂಜಿ ಬ್ಯಾಡ್ರಿ ಫಾದರ್. ಬರದಿಲ್ಲದ್ದು ನಾವು ಯಾಕ ಮಾಡಬೇಕು?"

ಫಾದರ್ ಚೀಲದಿಂದ ತಮ್ಮ ಇಂಗ್ಲಿಷ್ ಬೈಬಲ್ ತೆಗೆದು ಒಂದು ಪುಟ ಬಿಡಿಸಿದರು. "ಇಲ್ಲಿ ಬರೆದಿದೆ ನೋಡು. ಯುದ್ಧದಲ್ಲಿ ಸತ್ತವರಿಗಾಗಿ ಉಳಿದವರು ಬೇಡಿಕೊಂಡರು ಅಂತ."

ಭಗವಂತ ತನ್ನ ಪುಸ್ತಕ ತಂದು ಪುಟ ತಿರುವಿದ. "ಆ ಭಾಗನೇ ನಮ್ಮದರಾಗ ಇಲ್ರಿ. ಇಲ್ಲದ್ದು ತಂದು ಸೇರಿಸಿದ್ರ ಹ್ಯಾಂಗ್ರಿ?"

"ಯಾವುದು ಒಳಗಿರಬೇಕು, ಯಾವುದು ಹೊರಗೆ ಅಂತ ಪುಸ್ತಕವೇ ಹೇಳುವುದಿಲ್ಲ, ಭಗವಂತ. ಅದನ್ನು ಹೇಳಿದ್ದು ಹಿಂದಿನ ಕಾಲದ ಕ್ರೈಸ್ತ ಸಭೆಯ ಹಿರಿಯರು. ಬಾಯಿಂದ ಬಾಯಿಗೆ ಬಂದ ಆ ಪರಂಪರೆ ಇಲ್ಲದಿದ್ದರೆ ನಿನ್ನ ಕೈಗೆ ಈ ಪುಸ್ತಕವೂ ಬರುತ್ತಿರಲಿಲ್ಲ."

"ಹಿರಿಯರೂ ಮನುಷ್ಯಾರೇ ಅಲ್ರಿ? ತಪ್ಪಿದ್ರ? ಬರದದ್ದು ಇದ್ರ ನನ್ನಂಥಾಂವನೂ ತಗದು ನೋಡ್ತಾನ. ಬಾಯಿ ಮಾತು ಖರೆನೋ ಸುಳ್ಳೋ ಯಾರಿಗಿ ಕೇಳಬೇಕ್ರಿ?"

ಭಗವಂತ ಅತ್ತಿಗೆಯ ಕಡೆ ಕೈ ತೋರಿಸಿದ. "ಬೇಕಾದ್ರ ವೈನಿಗೇ ಕೇಳ್ರಿ. ಸತ್ತವರ ಹೆಸರು ಹೇಳೂದು ಅವರೇ ಬಿಟ್ಟಾರ."

ಇಬ್ಬರೂ ಅವಳ ಕಡೆ ತಿರುಗಿದರು. ರುಕ್ಮಿಣಿಬಾಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ತಲೆಯೆತ್ತದೆ, ಮನೆಯಲ್ಲಿ ಉಪ್ಪು ತೀರಿದೆ ಎಂದು ಹೇಳುವ ದನಿಯಲ್ಲಿ ಹೇಳಿದಳು:

"ಬರದಿಲ್ಲಂತ ಬಿಟ್ಟಿಲ್ರಿ. ಬರದದೋ ಇಲ್ಲೋ ನನಗೇನು ಗೊತ್ತು? ಈಗ ಆ ಹೆಸರುಗಳ ಕೂಡ ನಮ್ಮನಿಯವರ ಹೆಸರೂ ಹೇಳಬೇಕಲ್ರಿ. ಬಾಯಿಗಿ ಬರವಲ್ದು."

ಗಂಡ ಬದುಕಿದ್ದಾಗಲೂ ಅವಳು ಅವನ ಹೆಸರು ಹೇಳಿದವಳಲ್ಲ. ಗಂಡನ ಹೆಸರು ಹೇಳುವ ಪದ್ಧತಿ ಆ ಸೀಮೆಯ ಹೆಂಗಸರಲ್ಲಿ ಇರಲಿಲ್ಲ. ಮೊದಲ ಸಲ ಹೇಳುವುದು ಸತ್ತವರ ಸಾಲಿಗೆ ಸೇರಿಸಲಿಕ್ಕೆ ಎಂಬುದನ್ನು ಅವಳು ಯಾರ ಮುಂದೆ ಹೇಗೆ ವಿವರಿಸಬೇಕು? ವಿವರಿಸುವ ಮನಸ್ಸೂ ಅವಳಿಗೆ ಇರಲಿಲ್ಲ. ಫಾದರ್ ಪುಸ್ತಕ ಮುಚ್ಚಿದರು. ಭಗವಂತ ತನ್ನ ಪುಸ್ತಕದೊಳಗೆ ಬೆರಳಿಟ್ಟುಕೊಂಡು ನೆಲ ನೋಡುತ್ತಿದ್ದ.

ಆಗ ಹೊರಸಿನ ಮೇಲೆ ಕೂತಿದ್ದ ಮಲ್ಕಮ್ಮ ಶಿಲುಬೆಯ ಗುರುತು ಹಾಕಿಕೊಂಡು ತಾನೇ ಶುರುಮಾಡಿದಳು. ತೊದಲುತ್ತ ಗಂಡನನ್ನು ನಮ್ಮನಿಯವರು ಅಂದಳು, ಅತ್ತೆಯ ಹೆಸರು ಹೇಳಿದಳು, ಮಗಳ ಹೆಸರು ಹೇಳಿದಳು. ಅಲ್ಲಿಗೆ ನಿಲ್ಲಿಸಿ ಸೊಸೆಯ ಕಡೆ ತಿರುಗಿದಳು.

"ಮುಂದಿಂದು ನೀ ಹೇಳು ಬೇ, ರುಕ್ಮವ್ವ. ಹಡದಾಕಿ ನಾ, ಮಗಂದು ಇಷ್ಟು ಲಗೂನ ಹ್ಯಾಂಗ ಹೇಳಲಿ?"

ರುಕ್ಮಿಣಿಬಾಯಿ ಮೊರ ಕೆಳಗಿಟ್ಟಳು.

"ದಶರಥ," ಅಂದಳು.

ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡಳು.

ಭಗವಂತ ಎದ್ದು ನಿಂತ. "ನಾ ಇದಕ್ಕ ಆಮೆನ್ ಅನ್ನಂಗಿಲ್ಲ ವೈನಿ. ಮನಸಿನ ವಿರುದ್ಧ ಅನ್ನಾಕ ಆಗಂಗಿಲ್ಲ."

"ಅನಬ್ಯಾಡ. ಕೂಡು."

ಅವನು ತಾಯಿಯ ಕಾಲ ಹತ್ತಿರ ಕೂತ. ಫಾದರ್ ಪ್ರಾರ್ಥನೆ ಮುಗಿಸಿದರು.

ಪೂಜೆಯ ದಿನ ಮಲ್ಕಮ್ಮನನ್ನು ಕೈಹಿಡಿದು ಆಳಂದದ ಬಸ್ಸು ಹತ್ತಿಸಿದವನೂ ಭಗವಂತನೇ. ಗುಡಿಯ ಒಳಗೆ ಬರದೆ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಫಾದರ್ ದಶರಥನ ಹೆಸರು ಹೇಳಿ ಬೇಡಿದಾಗ ರುಕ್ಮಿಣಿಬಾಯಿ ಎಲ್ಲರ ಜೊತೆ ಎದ್ದಳು, ಎಲ್ಲರ ಜೊತೆ ಕೂತಳು. ಮೇಣದ ವಾಸನೆ ಬಿಟ್ಟರೆ ಮತ್ತೇನೂ ಅವಳನ್ನು ಮುಟ್ಟಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಭಗವಂತ ಮೆಲ್ಲಗೆ ಕೇಳಿದ: "ಅಣ್ಣ ಈಗ ಎಲ್ಲಿ ಅದಾನಂತ ನಿಮಗ ಅನಸ್ತದ, ವೈನಿ?"

"ಗೊತ್ತಿಲ್ಲ ಭಗವಂತ. ಎಲ್ಲಿದ್ರೂ ಮೈಮ್ಯಾಲ ಭಾರ ಇರಬಾರದು ನೋಡು. ಅಷ್ಟೇ ಬೇಡಾಕತ್ತೇನಿ."

ಅದಕ್ಕೆ ಅವನ ಪುಸ್ತಕದಲ್ಲಿ ಉತ್ತರವಿತ್ತೋ ಏನೋ, ಅವನು ತೆಗೆಯಲಿಲ್ಲ. ರಾಶಿ ಮುಗಿದ ಮೇಲೆ ಜೇವರ್ಗಿಗೆ ಹೋದ. ಆಮೇಲೂ ಬಿತ್ತನೆಗೆ, ರಾಶಿಗೆ ತಪ್ಪದೆ ಬರುತ್ತಿದ್ದ. ಸಂಜೆ ಅವಳು ಜಪಕ್ಕೆ ಕೂತಾಗ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದ. ಜಪ ಮುಗಿದು ಅವನು ಒಳಗೆ ಬರುವ ತನಕ ಅವನ ತಾಟಿಗೆ ಅವಳು ರೊಟ್ಟಿ ಹಾಕುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ.