ಮರದ ಮೆಟ್ಟು

"ಏ ಎತಾ ಮುಂಡೆ, ಕಿವೀಲಿ ಏನು ತುಂಬ್ಕೊಂಡಿದ್ದೀಯೆ? ದಣಿಗಳ ಎತ್ತು ಸತ್ತು ನಿನ್ನೆಯಿಂದ ಬಿದ್ದದೆ. ಹೊಟ್ಟೆ ಊದಿ ನಗಾರಿ ಆಗದೆ. ಕತ್ತಿ ತಕ್ಕೊಂಡು ನಡಿ."

ಕಾಲುವೆಯ ಆಚೆ ದಡದಿಂದ ಕೂಗುತ್ತಿದ್ದವನು ಊರ ಮುಖ್ಯಸ್ಥ ತಾಕೆಬೆಯ ಆಳು ಕಾನ್‌ರೊಕು. ಎತಾ ಎಂದರೆ ಹೊಲಸು. ಈಚೆ ದಡದ ಕೇರಿಯವರನ್ನು ತಲೆತಲಾಂತರದಿಂದ ಕರೆದದ್ದೇ ಹಾಗೆ. ಈಚೆ ದಡದಲ್ಲಿ ಶಿಮೊ ತನ್ನ ಉಡುಪನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಚರ್ಮ ತುಳಿಯುತ್ತಿದ್ದಳು. ಹರಿಯುವ ನೀರಿನಲ್ಲಿ ನೆನೆದು ಕೂದಲು ಕಳಚಿದ ಚರ್ಮ. ಉಪ್ಪು, ಎಣ್ಣೆ ಸವರಿ ಹಿಮ್ಮಡಿಯಿಂದ ಒತ್ತಿ ಒತ್ತಿ ಎಣ್ಣೆಯನ್ನು ಒಳಗಿಳಿಸಬೇಕು. ನಡುವೆ ನಿಂತರೆ ಬಿರುಸಾಗುತ್ತದೆ. ಅವಳು ನಿಲ್ಲಲಿಲ್ಲ.

"ಎತಾ ಅನ್ನೋರು ಇನ್ನಿಲ್ಲ ಅಂತ ಚಕ್ರವರ್ತಿಗಳೇ ಅಪ್ಪಣೆ ಮಾಡವ್ರೆ. ಸತ್ತ ದನ ಮುಟ್ಟಾಕಿಲ್ಲ ಅಂತ ಕೇರಿ ಪೂರಾ ಆಣೆ ಇಟ್ಟದೆ. ಕೊಂಡ ಚರ್ಮ ಹದ ಮಾಡ್ತೀವಿ, ಅಷ್ಟೆಯಾ."

"ನಿನ್ನ ಗಂಡನೂ ಹಿಂಗೇ ಬೊಗಳಿದ್ದ. ಕಾಲು ಹೆಂಗದೆ ಈಗ?"

ಶಿಮೊ ಚರ್ಮವನ್ನು ಮಗುಚಿ ಹಾಕಿ ಮತ್ತೆ ತುಳಿದಳು.

"ಎತ್ತು ಸುಲೀದಿದ್ರೆ ಸಂಜೆಗೆ ಕಾಲುವೆ ತೂಬು ಮುಚ್ತಾರಂತೆ. ಆಮೇಲೆ ಚರ್ಮಾನ ಉಚ್ಚೇಲಿ ನೆನಸ್ಕೊ."

ಕೇರಿಗೆ ಬೇರೆ ನೀರಿರಲಿಲ್ಲ. ಮೊದಲು ಸತ್ತ ದನ ಕೇರಿಯ ಹಕ್ಕಾಗಿತ್ತು. ಬರಿಗಾಲಲ್ಲಿ ಹಿಂಬಾಗಿಲಿಂದ ಹೋಗಿ ಹೊತ್ತು ತರಬೇಕು. ಚರ್ಮ, ಕೊಂಬು, ಮೂಳೆ ಅವರದು. ಹೊಸ ಕಾನೂನಿನಲ್ಲಿ ದನ ಸತ್ತ ಮೇಲೂ ಒಡೆಯನದೇ. ಹಕ್ಕು ಹೋಗಿತ್ತು, ಹಿಂಬಾಗಿಲು ಉಳಿದಿತ್ತು.

ಗುಡಿಸಲಿನಲ್ಲಿ ಅವಳ ಗಂಡ ಜಿನ್‌ಪಾಚಿ ಬಿದಿರಿನ ದಬ್ಬೆ ಕಟ್ಟಿದ ಕಾಲು ಚಾಚಿ ಮಲಗಿದ್ದ. ಮರದ ಮೆಟ್ಟು ಹಾಕಿಕೊಂಡು ಟಕಟಕ ಸದ್ದು ಮಾಡುತ್ತ ಊರ ನಡುಬೀದಿಯಲ್ಲಿ ನಡೆದದ್ದು ಅವನ ತಪ್ಪು. ಕೇರಿಯವರ ಪಾದ ಆ ಬೀದಿಯಲ್ಲಿ ಸದ್ದು ಮಾಡಿದ್ದೇ ಇಲ್ಲ. ಊರವರು ಒನಕೆಯಲ್ಲಿ ಬಡಿದು ಮೊಣಕಾಲ ಕೆಳಗೆ ಮೂಳೆ ಮುರಿದಿದ್ದರು. ಮೆಟ್ಟನ್ನು ಮಾತ್ರ ಅವನು ಎದೆಗವಚಿಕೊಂಡು ತೆವಳುತ್ತ ತಂದಿದ್ದ.

"ಹೋಗ್ಬ್ಯಾಡ ಕಣೆ. ನೀನು ಹೋದ್ರೆ ಆಣೆ ಹೋಯ್ತದೆ."

"ಹೋಗದಿದ್ರೆ ನೀರು ಹೋಯ್ತದೆ."

ಅವನು ಗೋಡೆಗೆ ಮುಖ ತಿರುಗಿಸಿದ. ಶಿಮೊ ಕತ್ತಿ ಮಸೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ತಾಕೆಬೆಯ ಜಗಲಿಯಲ್ಲಿ ಇದ್ದಿಲ ಒಲೆಯ ಮೇಲೆ ಮಾಂಸ ಕುದಿಯುತ್ತಿತ್ತು. ಎದುರಿಗೆ ಜಿಲ್ಲೆಯಿಂದ ಬಂದ ಎಳೆ ವಯಸ್ಸಿನ ಅಧಿಕಾರಿ, ತಲೆಗೆ ಎತ್ತರದ ಟೋಪಿ, ಎದೆಗೆ ಗಡಿಯಾರದ ಸರಪಳಿ. ತಾಕೆಬೆ ಜುಟ್ಟು ಕತ್ತರಿಸಿಕೊಂಡಿದ್ದ. ಬಿಳಿಯರು ಮನೆಯೊಳಗೂ ಬೂಟು ಬಿಚ್ಚುವುದಿಲ್ಲವೆಂದು ಯಾರೋ ಹೇಳಿದ್ದರಂತೆ, ಅವನು ಚಾಪೆಯ ಮೇಲೂ ಬಿಚ್ಚಿರಲಿಲ್ಲ. ಹಿಮ್ಮಡಿಯ ಮೊಳೆಗಳು ಹೊಸ ಚಾಪೆಯನ್ನು ಕಚ್ಚಿದ್ದವು.

"ಚೀನಾದವರನ್ನ ನೋಡಿ," ಅಧಿಕಾರಿ ಹೇಳುತ್ತಿದ್ದ. "ಬಿಳಿಯರನ್ನ ಕಾಡುಜನ ಅಂತ ನಗ್ತಾ ಕೂತರು. ಅಫೀಮು ಬೇಡ ಅಂದಿದ್ದಕ್ಕೆ ಫಿರಂಗಿ ಬಂತು, ಆಮೇಲೆ ದೊರೆಯ ಅರಮನೆನೇ ಸುಟ್ಟರು. ನಮಗೆ ಆ ಗತಿ ಬರಬಾರದು ಅಂದ್ರೆ ಅವರ ಬಂದೂಕು, ಅವರ ಬೂಟು, ಅವರ ಊಟ. ಬೇರೆ ದಾರಿ ಇಲ್ಲ."

"ಮೊದಮೊದಲು ವಾಂತಿ ಬಂತು ಸ್ವಾಮಿ," ತಾಕೆಬೆ ಅಂದ. "ದೇಶಕ್ಕೋಸ್ಕರ ಅಂತ ನುಂಗಿದೆ. ಈಗ ವಾರಕ್ಕೊಂದ್ಸಲ ಬೇಕೇಬೇಕು."

ಜಗಲಿಯ ಕೆಳಗೆ ಅಂಗಳದಲ್ಲೇ ಎತ್ತು ಬಲಮಗ್ಗುಲಾಗಿ ಬಿದ್ದಿತ್ತು. ಊರಿನ ಒಬ್ಬನೂ ಅದರ ಬಾಲ ಮುಟ್ಟಿರಲಿಲ್ಲ. ಹಿಂಬಾಗಿಲಿಂದ ಬಂದ ಶಿಮೊಳನ್ನು ತಾಕೆಬೆ ಮೊದಲು ನೋಡಿದ್ದು ಅವಳ ಕಾಲನ್ನು.

"ಚಪ್ಪಲಿ ಬಿಡೇ."

ಅವಳು ಹುಲ್ಲಿನ ಚಪ್ಪಲಿ ಬಿಟ್ಟಳು.

"ಕಾನೂನು ಪ್ರಕಾರ ಇವಳೂ ಈಗ ಸಾಮಾನ್ಯ ಪ್ರಜೆ, ತಾಕೆಬೆಯವರೆ," ಎಂದು ಅಧಿಕಾರಿ ನಕ್ಕು ತೋಳಿನ ಬಟ್ಟೆ ಮೂಗಿಗೆ ಹಿಡಿದ. "ಆದರೂ ಸ್ವಲ್ಪ ಆ ಕಡೆಗೇ ಇರಲಿ."

"ಸಾಮಿ, ನೀವು ತಿಂತಿರೋದು ದನವಾ?"

"ಹೌದಮ್ಮ. ನಾಗರಿಕರ ಊಟ."

"ಸುಲಿದೋರು ಯಾರೋ."

"ಬಾಯಿ ಮುಚ್ಚೇ, ಬೋಸುಡಿ," ತಾಕೆಬೆ ಅಂದ. "ಹಣೆ ನೆಲಕ್ಕೆ ಹಚ್ಚು. ನಾವು ಎತಾಗಳೇ, ಹಿಂದೆ ಹೆಂಗಿದ್ವೋ ಹಂಗೇ ಇರ್ತೀವಿ ಅಂತ ಹೇಳು. ಕೇರಿ ಪರವಾಗಿ. ಆಮೇಲೆ ಎತ್ತು ಸುಲಿ. ಚರ್ಮ ಸೈನ್ಯದ ಬೂಟಿಗೆ ಹೋಗ್ಬೇಕು, ಒಂದು ಗೀರೂ ಬೀಳಬಾರದು."

ಚಕ್ರವರ್ತಿಗಳ ಅಪ್ಪಣೆ ಹೊರಟದ್ದು ದೂರದ ಟೋಕಿಯೊದಿಂದ. ತೂಬಿನ ಹಲಗೆ ಇದ್ದದ್ದು ಈ ಮನೆಯ ಹಿತ್ತಲಿನಲ್ಲಿ. ಶಿಮೊ ಮಂಡಿಯೂರಿದಳು. ಹಣೆ ಮಣ್ಣಿಗೆ ಮುಟ್ಟಿತು. ಆ ಮಾತು ಮಾತ್ರ ಆಡದೆ ಎತ್ತಿನ ಕಡೆ ತಿರುಗಿದಳು.

"ಎತ್ತು ಮೊದಲು ದಣಿ. ಬಿಸಿಲೇರಿದ್ರೆ ಚರ್ಮ ಕೊಳೀತದೆ."

ತಾಕೆಬೆ ಸೂರ್ಯನನ್ನು ನೋಡಿದ. "ಹೂಂ. ಬೇಗ ಮಾಡು."

ಸುಲಿಯುವವರು ಮೊದಲು ಎದೆಯ ನಡುವೆ ತೊಗಲನ್ನಷ್ಟೇ ಸೀಳುತ್ತಾರೆ. ಊದಿದ ಹೊಟ್ಟೆಗೆ ಕತ್ತಿಯ ಮೊನೆ ತಾಕಬಾರದೆಂದು ಕೇರಿಯ ಮಕ್ಕಳಿಗೂ ಗೊತ್ತು. ಶಿಮೊ ಎತ್ತಿನ ಎಡಮಗ್ಗುಲಿನ ಮೇಲೆ ಅಂಗೈ ಇಟ್ಟಳು. ಬಿಗಿಯಾಗಿತ್ತು, ಬೆಚ್ಚಗಿತ್ತು. ಕೊನೆಯ ಪಕ್ಕೆಲುಬಿನ ಹಿಂದೆ ಕತ್ತಿಯನ್ನು ಹಿಡಿಯವರೆಗೆ ಇಳಿಸಿ ಜಗಲಿಯ ಕಡೆಗೆ ಎಳೆದಳು.

ಮೊದಲು ಶಿಳ್ಳೆಯಂಥ ಸದ್ದು. ಆಮೇಲೆ ಕೊಳೆತ ಹುಲ್ಲಿನ ಹಸಿರು ರಾಡಿ ಚಿಮ್ಮಿ ಜಗಲಿಗೆ, ಚಾಪೆಗೆ, ಕುದಿಯುವ ಪಾತ್ರೆಗೆ, ಬೂಟಿಗೆ ಎರಚಿತು. ಅಧಿಕಾರಿ ಟೋಪಿಯೊಳಗೆ ವಾಂತಿ ಮಾಡಿಕೊಂಡ. ಅವರು ಎದ್ದು ಮುಖ ಒರೆಸಿಕೊಳ್ಳುವಷ್ಟರಲ್ಲಿ ಶಿಮೊ ಎತ್ತಿನ ಬೆನ್ನಿನ ತೊಗಲನ್ನು ಅಡ್ಡಡ್ಡ ಸೀಳುತ್ತ ಹೋದಳು. ಒಂದು ಬೂಟಿನ ನಾಲಿಗೆಯಷ್ಟೂ ಗಾಯವಿಲ್ಲದ ಜಾಗ ಉಳಿಸಲಿಲ್ಲ.

ಅಂಗಳದಲ್ಲೇ ಚಪ್ಪಲಿ ಮೆಟ್ಟಿಕೊಂಡು ಮುಂಬಾಗಿಲಿಂದ ಹೊರಟಳು. ಆಳುಗಳು ಬಾಗಿಲಲ್ಲೇ ಇದ್ದರು. ತಡೆಯಬೇಕೆಂದರೆ ಅವಳನ್ನು ಮುಟ್ಟಬೇಕಿತ್ತು. ದಾರಿ ಬಿಟ್ಟರು.

"ಹಿಡೀರೋ, ಸೂಳೆಮಕ್ಕಳಾ," ತಾಕೆಬೆ ಕೂಗಿದ. ಯಾರೂ ಕೈ ಚಾಚಲಿಲ್ಲ.

ಸಂಜೆ ಬಿಸಿಲು ಇನ್ನೂ ಇದ್ದಾಗಲೇ ತೂಬು ಮುಚ್ಚಿದರು. ಕಾಲುವೆ ಇಳಿಯತೊಡಗಿತು. ಮೊದಲು ಕಲ್ಲುಗಳ ನೆತ್ತಿ ಕಂಡಿತು, ಆಮೇಲೆ ಹಾವಸೆ, ಆಮೇಲೆ ಕೆಸರಿಗೆ ಅಂಟಿದ ನೆನೆಹಾಕಿದ ಚರ್ಮಗಳು. ಊರಿಗೂ ಕೇರಿಗೂ ನಡುವೆ ಈವರೆಗೆ ಇದ್ದದ್ದು ಆ ನೀರೊಂದೇ. ಆಚೆ ದಡದಲ್ಲಿ ಬಿದಿರು ಕೆತ್ತಿ ಈಟಿ ಮಾಡುವ ಸದ್ದು ಕೇಳುತ್ತಿತ್ತು. ಕೇರಿಯವರು ಗಂಟು ಹೊತ್ತು ಗುಡ್ಡದ ಕಡೆ ಹೊರಟಿದ್ದರು.

"ಬಗ್ಗಿ ಬಾಳೋದು ನಿನಗೇನು ಹೊಸದಾಗಿತ್ತೇನೇ?" ಪಕ್ಕದ ಮನೆಯ ಮುದುಕಿ ಶಿಮೊಳ ಕಾಲಬುಡಕ್ಕೆ ಉಗಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, ತನ್ನ ಗಂಟಿನಿಂದ ನವಣೆಯ ಉಂಡೆಯೊಂದನ್ನು ಅವಳ ಕೈಗಿಟ್ಟು ಹೋದಳು.

ಜಿನ್‌ಪಾಚಿ ತೆವಳಿಕೊಂಡು ಹೊಸಿಲಿಗೆ ಬಂದಿದ್ದ.

"ಆ ಮಾತು ಅಂದ್ಯಾ?"

"ಇಲ್ಲ."

ಅವನು ಬತ್ತಿದ ಕಾಲುವೆಯನ್ನು ನೋಡಿದ. ಆಚೆ ದಡದವರು ಈಟಿ ಹಿಡಿದು ಇಳಿಯತೊಡಗಿದ್ದರು. ಕೆಸರಿನಲ್ಲಿ ಅವರ ಕಾಲು ಹೂತು ಹೂತು ಬರುತ್ತಿತ್ತು.

"ನೀನು ಗುಡ್ಡ ಹತ್ತು."

"ನಿನ್ನ ಹೊತ್ಕೊಂಡು ಹತ್ತಾಕಾಯ್ತದಾ? ಸುಮ್ಕಿರು."

"ಹಂಗಾದ್ರೆ ನನ್ನ ಮೆಟ್ಟು ತಾ."

ಶಿಮೊ ಒಳಗಿಂದ ತಂದಳು. ಗಟ್ಟಿ ಕಾಲಿಗೆ ಸುಲಭವಾಗಿ ಹತ್ತಿತು. ಮುರಿದ ಕಾಲು ಬಾತಿತ್ತು. ಬೆರಳ ಸಂದಿಗೆ ಮೆಟ್ಟಿನ ಹಗ್ಗ ತೂರುತ್ತಿರಲಿಲ್ಲ. ಅವಳು ಚರ್ಮಕ್ಕೆ ಸವರುವ ಎಣ್ಣೆಯನ್ನು ಬೆರಳಿಗೆ ಹಚ್ಚಿ, ಒತ್ತಿ ಒತ್ತಿ ತೊಡಿಸುತ್ತಿದ್ದಳು. ಅವನು ತುಟಿ ಕಚ್ಚಿಕೊಂಡು ಕಾಲುವೆಯನ್ನೇ ನೋಡುತ್ತಿದ್ದ.